ಎರಡನೆಯ ಸೀನು

ದೊಡ್ಡಪುಟ್ಟೀ, ಚಿಕ್ಕಪುಟ್ಟೀ, ಇದನ್ನು ಬಾಯಲ್ಲಿ ಹೇಳಬೇಕೆಂದರೆ ನನಗೆ ನಾಚಿಕೆ. ಊರ ಶಾಲೆಯಲ್ಲೂ ಹಾಗೇ ಇದ್ದೆ. ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ. ಏಳನೇ ತರಗತಿಯವರೆಗೆ ಕಲಿತ ಅಕ್ಷರವೊಂದು ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಸೀನು ನಿಮಗೆ ಗೊತ್ತಿರುವುದೇ. ರಾಗಿ ಕಣದ ಕಾಲ ಬಂತೆಂದರೆ ಬೆಳಿಗ್ಗೆ ಚಾಪೆ ಸುತ್ತುವಾಗಲೇ ಶುರು. ಒಂದಲ್ಲ ಎರಡಲ್ಲ, ಹತ್ತು ಹನ್ನೆರಡು. ಚಿಕ್ಕಪುಟ್ಟೀ, ನೀನು ಬೆರಳು ಮಡಿಚಿ ಎಣಿಸುತ್ತಿದ್ದೆ. "ಅಜ್ಜೀ, ನೆನ್ನೆ ಹದಿನಾಲ್ಕು, ಇವತ್ತು ಬರೀ ಹನ್ನೊಂದು" ಎಂದು ಬೇಜಾರು ಬೇರೆ ಮಾಡಿಕೊಳ್ಳುತ್ತಿದ್ದೆ. ನಾಗಮಂಗಲದ ಡಾಕ್ಟರು ಧೂಳಿನ ಅಲರ್ಜಿ ಎಂದು ಮಾತ್ರೆ ಕೊಟ್ಟರು. ಅದನ್ನು ನುಂಗಿದರೆ ಸೀನೇನೋ ಕಡಿಮೆಯಾಗುತ್ತಿತ್ತು, ಆದರೆ ಮುದ್ದೆ ತಿರುವುತ್ತಿರುವಾಗಲೇ ತೂಕಡಿಕೆ ಬರುತ್ತಿತ್ತು.

ಆಗ ಶ್ರೀರಂಗಪಟ್ಟಣದಿಂದ ನಿಮ್ಮ ಸೋದರತ್ತೆ ಆ ಯಂತ್ರ ತಂದಳು. ಬಿಳಿಯದು, ನೀರಿನ ಚೊಂಬಿನಷ್ಟೇ ಇತ್ತು.

"ಅವ್ವ, ಇದು ಗಾಳಿ ಸೋಸೋ ಮಿಷನ್ನು. ಮೊಬೈಲ್ ವೈರಿಗೇ ಚಾರ್ಜ್ ಆಯ್ತದೆ. ಪಕ್ಕದಲ್ಲಿ ಮಡಿಕ್ಕೊಂಡಿರು, ಸಾಕು" ಎಂದಳು.

ಜಗುಲಿಯಲ್ಲಿ ಕೂತಿದ್ದ ಎದುರುಮನೆ ತಾತ ನಕ್ಕರು. "ಗಾಳಿ ಸೋಸಾಕೂ ಮಿಷನ್ನಾ! ಇನ್ನು ಬಿಸ್ಲಿಗೂ ಒಂದು ಜರಡಿ ತತ್ತೀರಿ ಬುಡ್ರವ್ವ."

ನಾನು ಅದನ್ನು ಮಲಗುವಾಗ ತಲೆಯ ಹತ್ತಿರ ಇಟ್ಟುಕೊಂಡೆ. ಸೊಪ್ಪು ಬಿಡಿಸಲು ಕೂತಾಗ ಮಡಿಲ ಪಕ್ಕ ಇಟ್ಟುಕೊಂಡೆ. ಜೇನುಹುಳದಂತೆ ಗುಂಯ್‌ಗುಟ್ಟುತ್ತಿತ್ತು. ತಿಂಗಳಾದ ಮೇಲೆ ಒಳಗಿನ ಬಿಳಿ ಫಿಲ್ಟರ್ ತೆಗೆದು ನೋಡಿದರೆ ಒಲೆಯ ಮೇಲಿನ ಗೋಡೆಯ ಬಣ್ಣ ಬಂದಿತ್ತು. ಇದೆಲ್ಲ ನನ್ನ ಮೂಗಿಗೆ ಹೋಗುತ್ತಿತ್ತಲ್ಲ ಎಂದು ಮೈ ಜುಮ್ಮೆಂದಿತು. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೂ, ಕಂಬಳಿ ಬಿಸಿಲಿಗೆ ಹಾಕಿದ್ದೂ ಸೇರಿ ಸೀನು ಹನ್ನೆರಡರಿಂದ ಆರಕ್ಕೆ ಇಳಿಯಿತು, ಆರರಿಂದ ಮೂರಕ್ಕೆ ಇಳಿಯಿತು. ಮಾರ್ಚ್ ಹೊತ್ತಿಗೆ ದಿನಕ್ಕೊಂದು ಬಂದರೆ ಹೆಚ್ಚು.

ತೊಂದರೆ ಆಗಿದ್ದು ಆ ಒಂದರಿಂದಲೇ.

ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊಸಿಲು ದಾಟುವಾಗ ಒಂಟಿ ಸೀನು ಬಂದರೆ ಅಪಶಕುನ. ಹಿಂದೆಯೇ ಇನ್ನೊಂದು ಬಂದರೆ ದೋಷವಿಲ್ಲ. ನಿಮ್ಮಮ್ಮ ಪಾಂಡವಪುರದ ತವರಿನಿಂದ ಈ ಶಾಸ್ತ್ರವನ್ನು ಗಟ್ಟಿಯಾಗಿ ಕಟ್ಟಿಕೊಂಡು ಬಂದವಳು. ಅಲ್ಲಿಯವರೆಗೆ ನನ್ನ ಸೀನು ಸಾಲುಸಾಲಾಗಿ ಬರುತ್ತಿದ್ದುದರಿಂದ ಯಾರ ಪ್ರಯಾಣಕ್ಕೂ ಅಡ್ಡಿಯಾಗಿರಲಿಲ್ಲ.

ದೊಡ್ಡಪುಟ್ಟಿಯ ಪಿಯುಸಿ ಪರೀಕ್ಷೆಯ ಮೊದಲ ದಿನ. ಕೆ.ಆರ್. ಪೇಟೆಗೆ ಹೋಗಬೇಕು. ನಿಮ್ಮಪ್ಪ ಕಬ್ಬಿನ ಲೋಡಿನ ಜೊತೆ ಹೋಗಿದ್ದ, ಬೈಕೂ ಇಲ್ಲ. ಸಂತೆಬಾಚಹಳ್ಳಿ ಕಡೆಯಿಂದ ಬರುವ ಬಸ್ಸೊಂದೇ ಗತಿ, ಅದು ತಪ್ಪಿದರೆ ಪರೀಕ್ಷೆಯೇ ತಪ್ಪಿದಂತೆ. ಯಾರಾದರೂ ಹೊರಡುವಾಗ ನಾನು ಅಡುಗೆಮನೆಯಲ್ಲೇ ಇರುವುದು, ನಿಮ್ಮ ತಾತ ಹೋದ ಮೇಲೆ ನನಗಾದ ರೂಢಿ. ಆವತ್ತು ದೊಡ್ಡಪುಟ್ಟಿ, ನೀನೇ ಬಂದು ಕೈ ಹಿಡಿದು ಬಾಗಿಲಿಗೆ ಎಳೆದುಕೊಂಡು ಹೋದೆ. ನೀನು ಹೊಸಿಲಾಚೆ ಕಾಲಿಟ್ಟೆ, ನಾನು ಸೀನಿದೆ. ಒಂದೇ ಒಂದು.

ಎಲ್ಲರೂ ನನ್ನ ಮೂಗನ್ನೇ ನೋಡಿದರು. ಎರಡನೆಯದು ಬರಲಿಲ್ಲ.

"ಒಳೀಕೆ ಬಾ, ಕೂತ್ಕೊ, ನೀರು ಕುಡಿ" ಎಂದಳು ನಿಮ್ಮಮ್ಮ. ನೀನು ಕೂತೆ, ಕುಡಿದೆ, ಎದ್ದೆ. ನಾನು ಮತ್ತೆ ಸೀನಿದೆ.

"ಎಲ್ಡಾಯ್ತಲ್ಲಮ್ಮ!" ಎಂದಳು ಚಿಕ್ಕಪುಟ್ಟಿ.

"ಸುಮ್ಕಿರೇ. ಅದು ಬ್ಯಾರೆ, ಇದು ಬ್ಯಾರೆ. ಅತ್ತೆ, ಜೊತೆಗೇ ಇನ್ನೊಂದು ಸೀನ್ಬುಡಿ."

"ಬರಾಕಿಲ್ಲ ಕಣವ್ವ."

"ದಿನಾ ಹನ್ನೆರಡು ಸೀನ್ತಿದ್ರಿ, ಇವತ್ತೊಂದು ಬರಾಕಿಲ್ವಾ? ಮೊದ್ಲು ಆ ಮಿಷನ್ ಆಫ್ ಮಾಡೇ!"

ಯಂತ್ರ ನಿಂತಿತು. ನಿಮ್ಮಮ್ಮ ಗೋಣಿಚೀಲ ತಂದು ನನ್ನ ಮುಖದ ಮುಂದೆ ಕೊಡವಿದಳು. ಅವಳಿಗೇ ಕೆಮ್ಮು ಬಂತು. ಗಲಾಟೆ ಕೇಳಿ ಬಂದ ಎದುರುಮನೆ ತಾತ ಸೊಂಟದಿಂದ ನಶ್ಯದ ಡಬ್ಬಿ ತೆಗೆದರು.

"ತಗಾ ತಂಗ್ಯವ್ವ, ಒಂದು ಚಿಟಿಕೆ ಏರ್ಸು. ಸತ್ತೋರೂ ಎದ್ದು ಕೂತ್ಕೊಂಡು ಸೀನ್ತಾರೆ."

ಗಂಡಸರ ಎದುರು ನಶ್ಯ! ಸೆರಗು ಮರೆ ಮಾಡಿಕೊಂಡು ಏರಿಸಿದೆ. ಕಣ್ಣಲ್ಲಿ ನೀರು ಸುರಿಯಿತೇ ಹೊರತು ಸೀನು ಬರಲಿಲ್ಲ. ಅಷ್ಟರಲ್ಲಿ ಊರ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತು. ದೊಡ್ಡಪುಟ್ಟಿ, ನೀನು ಹಾಲ್ ಟಿಕೆಟ್ ಹಿಡಿದು ಒಮ್ಮೆ ರಸ್ತೆಯನ್ನೂ ಒಮ್ಮೆ ನನ್ನನ್ನೂ ನೋಡಿದೆ. ನಿನ್ನ ಕಣ್ಣಲ್ಲೂ ನೀರು, ಅದು ನಶ್ಯದ್ದಲ್ಲ.

ನಾನು ಗೋಡೆಯ ಕಡೆ ತಿರುಗಿದೆ. ಸೆರಗಿನಿಂದ ಮುಖ ಮುಚ್ಚಿಕೊಂಡು ಒಂದು ಸಲ ಸೀನಿ, ಉಸಿರು ಬಿಡದೆ ಮತ್ತೊಂದು ಸೀನಿದೆ. ಎದುರುಮನೆಯ ಹಸು ತಲೆ ಎತ್ತಿ ನೋಡುವಷ್ಟು ಜೋರಾಗಿ.

"ಜೋಡಿ ಸೀನು! ನಡಿ ನಡಿ, ಓಡು!" ಎಂದಳು ನಿಮ್ಮಮ್ಮ. ಬಸ್ಸು ಸಿಕ್ಕಿತು.

ಆ ಎರಡೂ ಸುಳ್ಳು ಸೀನು, ಮಕ್ಕಳೇ. ಶಾಲೆಯ ನಾಟಕದಲ್ಲಿ ಮರವಾಗಿ ನಿಲ್ಲಲೂ ಒಪ್ಪದವಳು ನಾನು. ಅಂಥವಳು ಅವತ್ತು ನಾಲ್ಕು ಜನರ ಎದುರು ಸುಳ್ಳೇ ಸೀನಿದೆ.

ಸೀನಿದ್ದೇನೋ ಸೀನಿದೆ. ಆದರೆ ಇಡೀ ದಿನ ನನಗೆ ಅನ್ನ ಸೇರಲಿಲ್ಲ. ನನಗೂ ಒಳಗೊಳಗೇ ಅಳುಕು. ಸುಳ್ಳು ಸೀನು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಯಾರನ್ನು ಕೇಳುವುದು? ಸಂಜೆ ದೊಡ್ಡಪುಟ್ಟಿ, ನೀನು ಚಪ್ಪಲಿ ಬಿಡುವ ಮೊದಲೇ, "ಅಜ್ಜೀ, ಎಲ್ಲಾ ಬರ್ದೆ! ಅಡಿಷನಲ್ ಶೀಟೂ ಈಸ್ಕೊಂಡೆ!" ಎಂದು ಕೂಗಿದೆ. ಆಗ ಹೋಗಿ ಮಧ್ಯಾಹ್ನದ ಮುದ್ದೆ ಉಂಡೆ. ತಣ್ಣಗಾಗಿತ್ತು, ಆದರೂ ರುಚಿಯಾಗಿತ್ತು.

ನಿಮ್ಮಮ್ಮ ಮಾತ್ರ ಇವತ್ತಿಗೂ ಬಂದವರಿಗೆಲ್ಲ, "ನಮ್ಮತ್ತೆ ಜೋಡಿ ಸೀನೇ ಕಣಮ್ಮ ನನ್ನ ಮಗ್ಳನ್ನ ಪಾಸ್ ಮಾಡ್ಸಿದ್ದು" ಎಂದು ಹೇಳುತ್ತಾಳೆ. ನಾನು ಸೊಪ್ಪು ಬಿಡಿಸುತ್ತಾ ತಲೆ ತಗ್ಗಿಸುತ್ತೇನೆ. ಅವಳ ಆ ಸಂತೋಷ ಕೆಡಿಸಲು ನನಗೆ ಮನಸ್ಸಿಲ್ಲ. ಹಾಗಾಗಿ ಈ ಹಾಳೆಗಳನ್ನು ನೀವು ಬೇಕಾದಷ್ಟು ಸಲ ಓದಿ ನಗಿ, ಹರಿಯದಂತೆ, ನೆನೆಯದಂತೆ ಎತ್ತಿಡಿ. ನಿಮ್ಮಮ್ಮ ಕಸ ಗುಡಿಸುವಾಗ ಎತ್ತಿ ನೋಡುವ ಜಾಗದಲ್ಲಿ ಮಾತ್ರ ಇಡಬೇಡಿ.