ಬಾಸ್ಕೆಟ್‌ಬಾಲ್ ಜಗಳ ಮತ್ತು ಅಪ್ಪನ ಮಾತು

ಅಪ್ಪನಿಗೆ ಲಕ್ವಾ ಹೊಡೆದಾಗ ಬಲಗೈಯ ಜೊತೆ ಮಾತೂ ಹೋಯಿತು. ದೇವದುರ್ಗದ ಮನೆಯಲ್ಲಿ ಬೆಳಿಗ್ಗೆ ಮುಖ ತೊಳೆಯುತ್ತಿದ್ದವರು ಹಾಗೇ ಗೋಡೆಗೆ ಒರಗಿ ಜಾರಿ ಕುಳಿತುಬಿಟ್ಟರಂತೆ. ರಾಯಚೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಅಲ್ಲಿಂದ ಹೊರಡುವಾಗ ಅವರ ಬಾಯಲ್ಲಿ ಉಳಿದಿದ್ದು ಒಂದೇ ಅಕ್ಷರ: ‘ಬಾ’. ನೀರು ಬೇಕಾದರೂ ‘ಬಾ’, ಸಿಟ್ಟು ಬಂದರೂ ‘ಬಾ’. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಹೇಳಬೇಕಾದದ್ದೂ ಒಳಗೆ ಇತ್ತು. ಹೊರಗೆ ಮಾತ್ರ ಬರುತ್ತಿರಲಿಲ್ಲ.

ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ರಾಯಚೂರಿಗೆ ಹೋಗಿಬರಲು ಅನುಕೂಲವೆಂದು ಅಪ್ಪ, ಅವ್ವ ಇಬ್ಬರನ್ನೂ ನನ್ನ ಮನೆಗೇ ಕರೆತಂದೆ. ಮಾತು ಕಲಿಸುವ ತರಬೇತಿಗೆ ಒಬ್ಬಳು ಹುಡುಗಿ ರಾಯಚೂರಿನಲ್ಲಿ ಸಿಕ್ಕಳು. ಸಣ್ಣ ವಯಸ್ಸು, ತುಂಬ ತಾಳ್ಮೆ. ಮೊದಲ ದಿನ ಅವಳು ಚಿತ್ರದ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದಳು. ಬಾಳೆಹಣ್ಣು, ಬಾಚಣಿಗೆ, ಆಕಳು. ಜೀವನವಿಡೀ ಮಕ್ಕಳಿಗೆ ಮೈದಾನದಲ್ಲಿ ಕೂಗಿ ಕೂಗಿ ಕಲಿಸಿದ ಅಪ್ಪ ಆ ಆಕಳನ್ನು ಒಮ್ಮೆ ನೋಡಿ, ಎಡಗೈಯಿಂದ ಕಾರ್ಡುಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಮುಖ ತಿರುಗಿಸಿದರು. ಅವರ ಕಣ್ಣು ತುಂಬಿತ್ತು.

ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ನನ್ನನ್ನು ಹೊರಗೆ ಕರೆದು, “ಮೇಡಂ, ನಿಮ್ಮಪ್ಪಾರು ಎಲ್ಲಕ್ಕಿಂತ ಜಾಸ್ತಿ ಯಾವುದರ ಬಗ್ಗೆ ಮಾತಾಡ್ತಿದ್ರು?” ಎಂದು ಕೇಳಿದಳು.

ನನಗೆ ಆ ಸ್ಥಿತಿಯಲ್ಲೂ ನಗು ಬಂತು. “ಅಮೆರಿಕದ ಬಾಸ್ಕೆಟ್‌ಬಾಲ್ ಬಗ್ಗೆ. ಅದೂ ಮಾತಲ್ಲ, ಜಗಳ” ಎಂದೆ.

ಅದು ನಿಜ. ಅಪ್ಪ ದೇವದುರ್ಗದಲ್ಲಿ ದೈಹಿಕ ಶಿಕ್ಷಕರಾಗಿದ್ದವರು. ಮಣ್ಣಿನ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸಿದವರು. ನಾನೂ ಅಲ್ಲೇ ಆಡಿ ಬೆಳೆದವಳು. ಮನೆಗೆ ಕೇಬಲ್ ಬಂದ ಮೇಲೆ ಅಮೆರಿಕದ ವೃತ್ತಿಪರ ತಂಡಗಳ ಹುಚ್ಚು ಹತ್ತಿತು. ಅಲ್ಲಿ ರಾತ್ರಿ ಆಡುವ ಆಟ ನಮಗೆ ಬೆಳಗಿನ ಚಹಾದ ಹೊತ್ತಿಗೆ ಬರುತ್ತದೆ. ಆಟ ಮುಗಿದ ಕೂಡಲೇ ಪೋತ್ನಾಳದಿಂದ ಫೋನ್ ಬರುತ್ತಿತ್ತು.

ಪೋತ್ನಾಳದಲ್ಲಿ ರೈಸ್ ಮಿಲ್ ಇಟ್ಟುಕೊಂಡ ಸಾಹುಕಾರರು ಅಪ್ಪನ ಗೆಳೆಯರು. ಕಾಲೇಜಿನ ದಿನಗಳಲ್ಲಿ ಎದುರಾಳಿ ತಂಡದಲ್ಲಿ ಆಡಿದವರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ನಮ್ಮ ಜಾತಿ ಬೇರೆ, ಅವರದು ಬೇರೆ. ನಾನು ಚಿಕ್ಕವಳಿದ್ದಾಗ ಅವರು ನಮ್ಮ ಮನೆಯಲ್ಲಿ ಊಟ ಮಾಡಿ ಹೋದರೆ ಅವರ ಮನೆಯವರೂ ಗೊಣಗುತ್ತಿದ್ದರು, ನಮ್ಮ ಓಣಿಯವರೂ ಬೆರಗಾಗುತ್ತಿದ್ದರು. ಅವರಿಬ್ಬರಿಗೆ ಅದರ ಪರಿವೆ ಇರಲಿಲ್ಲ. ಅವರ ತಕರಾರು ಒಂದೇ: ಪ್ರತಿಯೊಂದು ತಂಡದ ಇತಿಹಾಸದಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಯಾರು? ತಂಡಕ್ಕೆ ಒಬ್ಬನೇ. ಇಬ್ಬರ ಹೆಸರು ಹೇಳುವಂತಿಲ್ಲ. ಯಾವ ಹೆಸರಿಗೆ ಅವರು ಜಗಳವಾಡಿದರೆಂದು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರೂ ಜಗಳಕ್ಕೆ ನಿಲ್ಲುತ್ತಾರೆ.

ಎಲ್ಲ ಕೇಳಿಸಿಕೊಂಡು ಆ ಹುಡುಗಿ, “ಹಂಗಾದ್ರ ಕಾರ್ಡ್ ಬಿಡ್ರಿ. ಜಗಳಾನೇ ಮಾಡ್ಸ್ರಿ. ಒಂದೇ ಮಾತು ನೆನಪಿಡ್ರಿ. ಅವರ ಬಾಯಿಂದ ಶಬ್ದ ಬರೂತನಕ ಎದುರಿಗಿದ್ದವರು ಸುಮ್ನ ಕಾಯಬೇಕು. ಅವರ ಮಾತು ನೀವು ಮುಗಿಸಬ್ಯಾಡ್ರಿ” ಎಂದಳು.

ಕಾಕಾ ಎಂಥವರೆಂದು ಅವಳಿಗೆ ಗೊತ್ತಿರಲಿಲ್ಲ. ಎದುರಿನವರು ಬಾಯಿ ತೆರೆಯುವುದರೊಳಗೆ ಉತ್ತರ ಕೊಟ್ಟು ಮುಗಿಸುವ ಮನುಷ್ಯ. ಮಿಲ್ಲಿನ ಸದ್ದಿನಲ್ಲಿ ಬೆಳೆದ ದನಿ ಬೇರೆ. ಆದರೂ ಫೋನ್ ಮಾಡಿ ವಿಷಯ ತಿಳಿಸಿದೆ. ಆ ಭಾನುವಾರವೇ ಬಂದರು. ಮಂಚದ ಮೇಲೆ ಕುಳಿತಿದ್ದ ಅಪ್ಪನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕುಳಿತರು.

“ಮಾಸ್ತರ್ರ, ಚಿಕಾಗೋ ಬಿಡ್ರಿ, ಅದರಾಗ ತಕರಾರಿಲ್ಲ. ಲಾಸ್ ಏಂಜಲೀಸ್ ತಗೋರಿ” ಎಂದು ಒಂದು ಹೆಸರು ಹೇಳಿದರು.

ಅಪ್ಪನ ಹುಬ್ಬು ಮೇಲೇರಿತು. ಅವರು ಆ ಹೆಸರನ್ನು ಯಾವತ್ತೂ ಒಪ್ಪಿದವರಲ್ಲ. “ಬಾ ಬಾ” ಎಂದರು.

“ಬಾ ಅಂದ್ರ ಏನ್ರಿ? ನಾ ಹೇಳಿದ್ದು ಖರೇ ಅದಲ್ಲ?”

ಅಪ್ಪನ ತುಟಿ ನಡುಗಿತು. ಕೊರಳಿನ ನರ ಉಬ್ಬಿತು. ಕಾಕಾ ಇನ್ನೇನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ, ಟವೆಲ್ಲಿನ ಅಂಚನ್ನು ಬಾಯಿಗೆ ಒತ್ತಿಕೊಂಡರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಬಂದು ಬಾಗಿಲಿಗೆ ಒರಗಿದಳು.

“ಅ… ಅಲ್ಲ” ಎಂದರು ಅಪ್ಪ.

ಕಾಕಾನ ಕಣ್ಣಲ್ಲಿ ನೀರು ಬಂತು. ಆದರೆ ಅವರು ಹೊಗಳಲಿಲ್ಲ, ಕೈ ಹಿಡಿದು ಅಳಲಿಲ್ಲ. “ಅಲ್ಲ ಅಂದ್ರ ನಡಿಯಂಗಿಲ್ರೀ ಮಾಸ್ತರ್ರ. ಮತ್ಯಾರು ಹೇಳ್ರಿ” ಎಂದು ಗದರಿದರು. ಅವತ್ತು ಆ ಇನ್ನೊಂದು ಹೆಸರು ಬರಲಿಲ್ಲ. ಬರದಿದ್ದರೂ ಅಪ್ಪ ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ಅಲ್ಲಿಂದ ಪ್ರತಿ ಭಾನುವಾರ ಕಾಕಾ ತಪ್ಪದೆ ಬಂದರು. ಸುಗ್ಗಿಯಲ್ಲಿ ಮಿಲ್ಲಿನ ಮುಂದೆ ಭತ್ತದ ಲಾರಿಗಳು ಸಾಲುಗಟ್ಟಿ ನಿಂತಾಗಲೂ ಬಂದರು. ವಾರದ ಉಳಿದ ದಿನಗಳಲ್ಲಿ ಶಾಲೆ ಮುಗಿಸಿ ಬಂದು ನಾನು ಜಗಳಕ್ಕೆ ಕೂರುತ್ತಿದ್ದೆ. ತರಬೇತಿಯ ಹುಡುಗಿ ಎಡಗೈಯಿಂದ ತಾಳ ಹಾಕುತ್ತ ಒಂದೊಂದೇ ಅಕ್ಷರ ಹೇಳುವುದನ್ನು ಕಲಿಸಿದ್ದಳು. ಮೇಜಿನ ಮೇಲೆ ತಾಳ ಹಾಕಲು ಅಪ್ಪನಿಗೆ ನಾಚಿಕೆ. ಕಾಕಾ ರಾಯಚೂರಿನಿಂದ ಒಂದು ಹೊಸ ಚೆಂಡು ತಂದುಕೊಟ್ಟರು. ಅಪ್ಪ ಕುರ್ಚಿಯಲ್ಲಿ ಕುಳಿತು ಎಡಗೈಯಿಂದ ಚೆಂಡು ಪುಟಿಸುವರು, ಒಂದು ಪುಟಿತಕ್ಕೆ ಒಂದು ಅಕ್ಷರ. ಹಾಗೆ ಮೊದಲ ಹೆಸರು ಪೂರ್ತಿ ಹೊರಬಂದ ದಿನ ಅವ್ವ ಬೆಲ್ಲ ಹಾಕಿ ಸಿಹಿ ಸಜ್ಜಕ ಮಾಡಿದಳು. ಅದು ಯಾವ ಊರಿನ ಯಾವ ಆಟಗಾರನೆಂದು ಅವಳಿಗೆ ತಿಳಿದಿರಲಿಲ್ಲ. “ಯಾರರ ಇರ್ಲಿ, ಆ ಪುಣ್ಯಾತ್ಮ ಚೆಂದಾಗಿರಲಿ” ಎಂದಳು.

ಒಂದೊಂದು ತಂಡಕ್ಕೆ ಎರಡು ಮೂರು ವಾರ ಹಿಡಿಯುತ್ತಿತ್ತು. ಹೆಸರು ಸಾಲದು, ಕಾರಣವೂ ಬೇಕೆಂದು ಕಾಕಾ ಹಟ ಹಿಡಿದರು. ಒಂದು ತಂಡದ ಮೇಲೆ ದೊಡ್ಡ ಜಗಳವೇ ಆಯಿತು. ಅಲ್ಲಿ ಒಬ್ಬ ಸ್ವಲ್ಪ ಕಾಲ ಮಾತ್ರ ಇದ್ದು, ಕಪ್ ಗೆಲ್ಲಿಸಿಕೊಟ್ಟು ಹೊರಟುಹೋದವ. ಇನ್ನೊಬ್ಬ ವರ್ಷಗಟ್ಟಲೆ ಅಲ್ಲೇ ಆಡಿದವ, ಆದರೆ ಕಪ್ ಮುಟ್ಟಲಿಲ್ಲ.

“ಕಪ್ ತಂದವನ ದೊಡ್ಡವ. ಉಳಿದದ್ದೆಲ್ಲ ಸುಳ್ಳು” ಎಂದರು ಕಾಕಾ.

ಅಪ್ಪ ಚೆಂಡನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬಹಳ ಹೊತ್ತು ಹಿಡಿಯಿತು. ಕಾಕಾ ಟವೆಲ್ಲು ಬಾಯಿಗೆ ಒತ್ತಿಕೊಂಡು ಕಾದರು.

“ಅವ… ಇದ್ದ. ಸೋ… ಸೋತಾಗೂ… ಇದ್ದ.”

ಅದು ಲಕ್ವಾ ಆದ ಮೇಲೆ ಅಪ್ಪ ಆಡಿದ ಅತಿ ಉದ್ದದ ಮಾತು. ನಾನಾಗಿದ್ದರೆ ಅಲ್ಲೇ ಸೋಲೊಪ್ಪುತ್ತಿದ್ದೆ. ಕಾಕಾ ಟವೆಲ್ಲು ಕೆಳಗಿಳಿಸಿ, “ಮಾತು ಚೊಲೋ ಆತು. ಆದ್ರ ಒಪ್ಪಂಗಿಲ್ಲ” ಎಂದರು. ಅಪ್ಪ ಗಟ್ಟಿಯಾಗಿ ನಕ್ಕರು. ತಾನು ರೋಗಿಯೆಂದು ಜಗಳ ಬಿಟ್ಟುಕೊಡದ ಒಬ್ಬ ಮನುಷ್ಯ ಎದುರಿಗಿದ್ದಾನೆ ಎಂಬ ಸಂತೋಷ ಆ ನಗುವಿನಲ್ಲಿ ನನಗೆ ಕಂಡಿತು. ಔಷಧಿ ಕೊಟ್ಟ ವೈದ್ಯರಿಗೂ ಆ ಹುಡುಗಿಗೂ ನಾನು ಋಣಿ. ಆದರೆ ಅಪ್ಪನನ್ನು ಮತ್ತೆ ಅಪ್ಪನನ್ನಾಗಿ ಮಾಡಿದ್ದು ಆ ‘ಒಪ್ಪಂಗಿಲ್ಲ’.

ಈಗ ಅಪ್ಪ, ಅವ್ವ ದೇವದುರ್ಗಕ್ಕೆ ಮರಳಿದ್ದಾರೆ. ಬಲಗೈ ಪೂರ್ತಿ ಬಂದಿಲ್ಲ. ಮಾತು ನಿಧಾನ, ಕೆಲವು ಶಬ್ದಗಳು ಇನ್ನೂ ತಡವರಿಸುತ್ತವೆ. ಆದರೆ ಅಂಗಡಿಗೆ ಹೋಗಿ ಬೇಕಾದ್ದನ್ನು ಕೇಳಿ ತರುತ್ತಾರೆ, ಅವ್ವನ ಮೇಲೆ ರೇಗುತ್ತಾರೆ. ರಜೆ ಸಿಕ್ಕಾಗ ನಾನು ಹೋಗುತ್ತೇನೆ. ದಾರಿಯಲ್ಲಿ ಜೊತೆಯಾಗಲೆಂದು ಕಾಕಾ ಮಾನ್ವಿಗೆ ಬಂದು ನನ್ನನ್ನೂ ಕಾರಿನಲ್ಲಿ ಹತ್ತಿಸಿಕೊಳ್ಳುತ್ತಾರೆ.

ಹೋದ ಸಲ ಹೋದಾಗ ಕಾಕಾ ತುಂಟತನದಿಂದ ನನ್ನ ಕಡೆ ನೋಡಿ, “ಅಮೆರಿಕ ಸಾಕ್ರಿ. ನಿಮ್ಮ ಸಾಲಿ ತಂಡದಾಗ ಎಲ್ಲರಿಗಿಂತ ದೊಡ್ಡಾಕಿ ಯಾರು? ಮಗಳು ಎದುರಿಗೇ ಕುಂತಾಳ, ನೋಡಿ ಹೇಳ್ರಿ” ಎಂದರು.

ನಾನು ಆ ಶಾಲೆಯ ತಂಡದ ನಾಯಕಿಯಾಗಿದ್ದೆ. ಅಪ್ಪ ಯೋಚಿಸಲೇ ಇಲ್ಲ. ಒಂದಿಷ್ಟೂ ತಡವರಿಸದೆ, ತಾಳ ಹಾಕದೆ, ಒಂದು ಹೆಸರನ್ನು ಪೂರ್ತಿ ಹೇಳಿದರು. ಅದು ನನ್ನದಲ್ಲ. ನನ್ನ ಜೊತೆ ಆಡಿದ, ಹೊಲದ ಕೂಲಿಗೆ ಹೋಗುತ್ತಿದ್ದವರ ಮಗಳದು. ಅವಳೀಗ ರಾಯಚೂರಿನಲ್ಲಿ ಪೊಲೀಸ್ ಕೆಲಸದಲ್ಲಿದ್ದಾಳೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೋಡಲು ಬಂದು, ಅವರ ‘ಬಾ’ ಒಂದನ್ನೇ ಕೇಳಿಸಿಕೊಂಡು ಹೋದವಳು.

“ಸಿಟ್ಟು… ಬಂತೇನವ್ವಾ?” ಎಂದು ಕೇಳಿದರು ಅಪ್ಪ.

“ಇಲ್ಲಪ್ಪಾ, ಖರೇನ ಹೇಳಿದಿ. ಆಕಿ ನನಗಿಂತ ಚೊಲೋ ಆಡ್ತಿದ್ಲು” ಎಂದೆ. ನಿಜಕ್ಕೂ ನನಗೆ ಸಿಟ್ಟು ಬಂದಿರಲಿಲ್ಲ. ಮಗಳೆಂಬ ಮುಲಾಜಿಲ್ಲದೆ ತೀರ್ಪು ಕೊಡುವ ಆ ಮಾಸ್ತರರೇ ಮರಳಿ ಬಂದಿದ್ದರು.

ಅಲ್ಲಿಂದಲೇ ಅವಳಿಗೆ ಫೋನ್ ಹಚ್ಚಿ, ಏನೂ ಹೇಳದೆ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅವಳ ಹೆಸರು ಹಿಡಿದು ಕರೆದು, “ನೀನ… ದೊಡ್ಡ ಆಟಗಾರ್ತಿ. ಈಗ… ತೀರ್ಮಾನ ಆತು” ಎಂದರು.  ಆ ಕಡೆಯಿಂದ ಅವಳು ನಮಗೆಲ್ಲ ಕೇಳುವಷ್ಟು ಜೋರಾಗಿ, “ಸರ್! ನೀವು ಮಾತಾಡಾಕತ್ತೀರಿ!” ಎಂದಳು.