ತಕರಾರಿಲ್ಲದ ಖಾಲಿ ಹಾಳೆ

ಯಲಬುರ್ಗಾದ ಬಸ್ ನಿಲ್ದಾಣದ ಎದುರು ಟೈಪಿಂಗ್ ಅಂಗಡಿ ನಡೆಸುತ್ತಿದ್ದ ಆ ತಾಯಿ ಗಣಕಯಂತ್ರದ ಪರದೆಯನ್ನು ಸದಾ ಓರೆಗಣ್ಣಿನಿಂದಲೇ ನೋಡುತ್ತಿದ್ದರು. "ತಕರಾರು ಮಾಡದ ಫೈಲನ್ನ ನಂಬಬಾರದ್ರಿ" ಎಂಬುದು ಅವರ ನಿತ್ಯದ ಮಾತು.

ನನ್ನ ಗುರುಗಳ ಶ್ಲೋಕವ್ಯಾಖ್ಯಾನದ ಹಸ್ತಪ್ರತಿ ಗೆದ್ದಲಿಗೆ ಆಹುತಿಯಾದ ಮೇಲೆ ಉಳಿದದ್ದು, ಆ ತಾಯಿ ಮೊದಲೇ ಟೈಪು ಮಾಡಿ, ಒಂದೊಂದು ಭಾಗಕ್ಕೂ ಹೆಸರು ಹಚ್ಚಿಟ್ಟಿದ್ದ ಎಕ್ಸ್‌ಎಂಎಲ್ ಫೈಲೊಂದೇ. ಅದನ್ನು ಪುಸ್ತಕದ ಪುಟಗಳಾಗಿ ಪರಿವರ್ತಿಸುವ ವಿದ್ಯೆಯನ್ನು ಅವರು ಆಗಷ್ಟೇ ಕಲಿಯುತ್ತಿದ್ದರು. ಅಂದು ಹಾಳೆಯ ಮೇಲೆ ಬಂದದ್ದು ಶೀರ್ಷಿಕೆ ಮಾತ್ರ. ಕೆಳಗೆ ಒಂದಕ್ಷರವೂ ಇಲ್ಲ. ಯಂತ್ರ ಯಾವ ತಪ್ಪನ್ನೂ ತೋರಿಸಿರಲಿಲ್ಲ. ಹಿಂದಿನ ದಿನ ಹನುಮಸಾಗರದ ಪುಸ್ತಕ ವ್ಯಾಪಾರಿಯೊಬ್ಬ ಅಲ್ಲಿ ಕುಳಿತಿದ್ದುದು ನನಗೆ ನೆನಪಾಯಿತು.

"ಅಳಿಸಿಬಿಟ್ರೇನವ್ವಾ, ಇಲ್ಲಾ ಬ್ಯಾರೆಯವರಿಗೆ ಕೊಟ್ರೋ?" ಎಂದು ಕೇಳಿಯೇಬಿಟ್ಟೆ.

ಅವರು ಫೈಲಿನ ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ವಿಳಾಸದಂಥ ಉದ್ದನೆಯ ಹೆಸರೊಂದಿತ್ತು. ಅದನ್ನು ನೇಮ್‌ಸ್ಪೇಸ್ ಎನ್ನುತ್ತಾರಂತೆ.

"ಅಜ್ಜಾರ, ನಾಕು ಮಂದಿ ಬಸಪ್ಪ ಇರೋ ಓಣ್ಯಾಗ ಬರೇ 'ಬಸಪ್ಪಾ' ಅಂದ್ರ ಯಾರೂ ಓ ಅನ್ನಂಗಿಲ್ಲ. ಮನೆತನದ ಹೆಸರು ಹಚ್ಚಿ ಕರೀಬೇಕು. ಈ ಫೈಲಿನ್ಯಾಗಿನ ಶ್ಲೋಕಕ್ಕೂ ಒಂದು ಮನೆತನ ಐತ್ರಿ. ನಾ ಬರೇ 'ಶ್ಲೋಕ' ಅಂತ ಕರದೀನಿ."

ಪರಿವರ್ತನೆಯ ಸೂತ್ರದಲ್ಲಿ ಆ ಮನೆತನವನ್ನು ನಮೂದಿಸಿ, ಪ್ರತಿ ಹೆಸರಿನ ಮುಂದೆಯೂ ಅದರ ಗುರುತು ಹಚ್ಚಿದರು. ಗುರುಗಳ ಮಾತುಗಳೆಲ್ಲ ಒಂದೊಂದಾಗಿ ಹಾಳೆಗಿಳಿದವು. ನಾನು ಕೈಮುಗಿದೆ.

ನನ್ನ ಆರೋಪದ ಬಗ್ಗೆ ಅವರು ಅಂದೂ, ಮುಂದೆಂದೂ ತಕರಾರು ಮಾಡಲಿಲ್ಲ. ಆ ಮೌನವನ್ನು ಮಾತ್ರ ನಾನು ಇಂದಿಗೂ ನಂಬಲಾರೆ.