ಎರಡು ಹಣತೆಗಳ ಪಾಠ

ಹಳ್ಳಿಯ ಮಾಸ್ತರರಿಗೆ ಲೆಕ್ಕ, ವಿಜ್ಞಾನ ಕಲಿಸುವ ಬಗೆ ಹೇಳಿಕೊಡುವುದು ನನ್ನ ನೌಕರಿಯಾಗಿತ್ತು. ನಿಜಾಮರ ಕಾಲ. ಇವತ್ತು ಶಹಾಬಾದ್, ನಾಳೆ ಸೇಡಂ, ಆಮೇಲೆ ಎತ್ತಿನ ಗಾಡಿಯಲ್ಲಿ ಚಿಂಚೋಳಿ. ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಮಾಡಿದಷ್ಟು ನಿದ್ದೆಯನ್ನು ಮನೆಯ ಹಾಸಿಗೆಯಲ್ಲಿ ಮಾಡಿರಲಿಕ್ಕಿಲ್ಲ. "ಬಾಯಿಪಾಠ ಬಿಡ್ರಿ, ಮಾಡಿ ತೋರಸ್ರಿ" ಎಂದು ಅರೆದದ್ದನ್ನೇ ಅರೆದು ಸಾಕಾಗಿಹೋಗಿತ್ತು.

ಆ ಬೇಸಿಗೆಯ ತರಬೇತಿ ಚಿತ್ತಾಪುರದಲ್ಲಿ. ಮುಧೋಳದ ಕಡೆಯ ಹಳ್ಳಿಯಿಂದ ಒಬ್ಬ ಮಾಸ್ತರರು ಬಂದಿದ್ದರು. ನನಗಿಂತ ಹಿರಿಯರು, ಹಣೆತುಂಬ ವಿಭೂತಿ. ಕೊನೆಯ ದಿನ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಪಾಠ ಮಾಡಬೇಕು. ಪಾಸಾದರೆ ಸನದು ಎಂಬ ಪ್ರಮಾಣಪತ್ರ, ಇಲ್ಲವಾದರೆ ಇದ್ದ ನೌಕರಿಯೂ ಹೋಗುತ್ತದೆ. ಅವರ ಪಾಲಿಗೆ ಬಂದದ್ದು, ಉರಿಯಲು ಗಾಳಿ ಬೇಕು ಎಂಬ ಪಾಠ. ನೀರಿನ ತಟ್ಟೆಯಲ್ಲಿ ಹಚ್ಚಿದ ಹಣತೆ ಇಟ್ಟು ಮೇಲೆ ಗಾಜಿನ ಗ್ಲಾಸು ಬೋರಲು ಹಾಕಬೇಕು. ದೀಪ ಆರುತ್ತದೆ.

ಹಿಂದಿನ ದಿನ ಬಂದು ನಿಂತರು. "ಇದು ನನ್ನ ಕೈಲೆ ಆಗಂಗಿಲ್ರಿ. ಹಚ್ಚಿದ ದೀಪ ಕೈಯಾರೆ ಆರಸಬಾರದು. ಮನ್ಯಾಗ ಆಕಿಗಿ ದಿನ ತುಂಬ್ಯಾವ. ಮೊದಲಿನ ಕೂಸುಗಳು ದಕ್ಕಿಲ್ಲ."

"ದೀಪಕ್ಕೂ ಹೆರಿಗೆಗೂ ಏನ್ ಸಂಬಂಧರೀ, ಮಾಸ್ತರ್ರ? ಮೊದಲ ನೌಕರಿ ಉಳಸ್ಕೋರಿ" ಎಂದು ಸಿಡುಕಿದೆ.

ಮರುದಿನ ಮಕ್ಕಳ ಮುಂದೆ ಹಣತೆ ಹಚ್ಚಿದರು. ಗ್ಲಾಸು ಮುಚ್ಚುವ ಮೊದಲು ಅದರ ಕುಡಿಯಿಂದಲೇ ಇನ್ನೊಂದು ಹಣತೆ ಹಚ್ಚಿ ಪಕ್ಕದಲ್ಲಿಟ್ಟರು. ಬೆಳಕು ನಂದಲಿಲ್ಲ, ಮುಂದಕ್ಕೆ ಹೋಯಿತು ಎಂಬ ಸಮಾಧಾನ ಅವರಿಗೆ. ನನಗೋ, ದಣಿವೆಲ್ಲ ಇಳಿದು ಎದೆ ಹಿಗ್ಗಿತು. ಮುಚ್ಚಿದ್ದು ಆರಿತ್ತು, ಮುಚ್ಚದ್ದು ಉರಿಯುತ್ತಿತ್ತು! ಇಷ್ಟು ವರ್ಷ ಆ ಪಾಠ ಹೇಳಿದ ನನಗೇ ಇದು ಹೊಳೆದಿರಲಿಲ್ಲ. ಮಕ್ಕಳು ಎದ್ದು ನಿಂತು ನೋಡಿದರು.

"ಯೇ ದೂಸ್ರಾ ಚಿರಾಗ್ ಕಾಯ್ಕು?" ಸಾಹೇಬರು ಎರಡನೆಯ ದೀಪ ತೋರಿಸಿ, ಅದು ಯಾಕೆಂದು ಕೇಳಿದರು.

"ಹೋಲಿಸಿ ನೋಡಲಿಕ್ಕ ಅನ್ರಿ" ಎಂದು ನಾನು ಹಿಂದಿನಿಂದ ಪಿಸುಗುಟ್ಟಿದೆ. ಪಕ್ಕದಲ್ಲಿ ಕುಳಿತ, ತರಬೇತಿಗೆ ಬಂದ ಉಳಿದ ಮಾಸ್ತರರಿಗೂ ಕೇಳಿಸಿತು.

ಮಾಸ್ತರರು ಕೈ ಮುಗಿದರು. "ಮನ್ಯಾಗ ಬಸುರಿ ಅದಾಳ್ರಿ, ಸಾಬ್. ದೀಪ ಆರಬಾರದಂತ ಇಟ್ಟೀನ್ರಿ."

ಸಾಹೇಬರಿಗೆ ಕನ್ನಡ ಬರುತ್ತಿತ್ತು. ಹೊಟ್ಟೆ ಹಿಡಿದು ನಕ್ಕು, ನಾಪಾಸು ಎಂದರು. ಕಾರಣ ಏನೇ ಇರಲಿ, ಪಾಠ ಸರಿಯಾಗಿದೆ ಎಂದು ನಾನು ವಾದಿಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಹೆಣ್ಣು ಕೂಸು ಹುಟ್ಟಿ ಉಳಿಯಿತೆಂದು ಆಮೇಲೆ ಕೇಳಿದೆ. ಅಷ್ಟರಲ್ಲಿ ಅವರು ಶಹಾಬಾದಿನ ಕಲ್ಲುಗಣಿಯಲ್ಲಿ ಫರಸಿ ಕಲ್ಲಿನ ಚಪ್ಪಡಿ ಎಣಿಸುವ ಕೆಲಸಕ್ಕೆ ಸೇರಿದ್ದರು. ಅವರ ಶಾಲೆಗೆ ಬಂದ ಹೊಸ ಮಾಸ್ತರನೂ ಅದೇ ತರಬೇತಿಯಲ್ಲಿ ನನ್ನ ಕೈಕೆಳಗೆ ಕಲಿತವನು. ಇವರು ನಾಪಾಸಾದ ದಿನವೇ ಮಧ್ಯಾಹ್ನ ಅದೇ ಪಾಠವನ್ನು ಎರಡು ಹಣತೆ ಇಟ್ಟೇ ಮಾಡಿ, ಯಾಕೆಂದು ಕೇಳಿದಾಗ "ಹೋಲಿಸಿ ನೋಡಲಿಕ್ಕ" ಎಂದು ಹೇಳಿ, ಸಾಹೇಬರಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದ.